ಚಾವಿ ತಿರುವಿದರೆ ಕಲ್ಮೇಶಣ್ಣ

ಬಾಳಕೃಷ್ಣ ಗ್ರಾಮೋಪಾಧ್ಯೆ ಕೊಂಡ ಹಳೇ ಕಾರಿನಲ್ಲಿ ದೋಷ ಅನ್ನುವಂಥದ್ದು ಒಂದೇ ಇತ್ತು. ಚಾವಿ ತಿರುವಿದ ಕೂಡಲೇ ಅದು ಹಾಡುತ್ತಿತ್ತು.

ಎಲ್ಲ ಕಾರುಗಳೂ ಹಾಡುತ್ತವೆ. ಆದರೆ ಹಾಡು ಅಂದಾಗ ಹಾಡುತ್ತವೆ, ಸಾಕು ಅಂದಾಗ ಸುಮ್ಮನಾಗುತ್ತವೆ. ಇದಕ್ಕೆ ಯಾರೂ ಹೇಳುವ ಅಗತ್ಯವಿರಲಿಲ್ಲ. ಚಾವಿ ತಿರುವಿದರೆ ಮುಂದಿನ ಪರದೆಯ ಮೇಲೆ ಒಂದು ಬಿಳಿ ಕುದುರೆ ಓಡತೊಡಗುತ್ತಿತ್ತು. ಆ ಕುದುರೆ ಓಡಿ ಮುಗಿಯುವ ತನಕ ಯಾವ ಗುಂಡಿ ಒತ್ತಿದರೂ, ಪರದೆಗೆ ಎಷ್ಟು ಬೆರಳು ತಿವಿದರೂ ಅದು ಮಾತು ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಹಾಡಿನ ಮೊದಲ ನಾಲ್ಕು ಸಾಲು ಹಲಗೆಯ ಬಡಿತದೊಂದಿಗೆ ಮುಗಿದೇ ಹೋಗಿರುತ್ತಿದ್ದವು.

ಬ್ಯಾಟ್ರಿ ಹಿಡದು ಬಂದಾನ ನೋಡ, ಕಲ್ಮೇಶಣ್ಣ ಬಂದಾನ ನೋಡ!
ಓಣಿ ಓಣಿಗೆ ಬೆಳಕ ತಂದಾನ, ಕಲ್ಮೇಶಣ್ಣ ತಂದಾನ ನೋಡ!
ಶಿಕ್ಕಾ ಎಲ್ಲಿ? ಬ್ಯಾಟ್ರಿ ಮ್ಯಾಲ!
ಮತ್ತೊಮ್ಮಿ ಹೇಳ್ರಿ? ಬ್ಯಾಟ್ರಿ ಮ್ಯಾಲ!

ಟಾರ್ಚಿನ ಗುರುತಿಗೆ ಮುದ್ರೆ ಒತ್ತಿರೆಂದು ಕೇಳುವ ಹಾಡು; ಹಿಂದಿನ ಮಾಲಕ ಯಾವುದೋ ಚುನಾವಣೆಯ ಪ್ರಚಾರಕ್ಕೆ ಕಾರನ್ನು ಬಳಸಿದ್ದಿರಬೇಕು. ಮುಂದಿನ ಜಾಲರಿಯ ಹಿಂದೆ ಎರಡು ಕಹಳೆ ಸ್ಪೀಕರುಗಳನ್ನೂ ಕೂಡಿಸಿದ್ದ. ಹೀಗಾಗಿ ಒಳಗೆ ಕೂತವರಿಗಿಂತ ಹೊರಗೆ ನಿಂತವರಿಗೇ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು. ಕಾರು ಕೊಡಿಸಿದ ಏಜೆಂಟನನ್ನು ಕೇಳಿದಾಗ ಅವನು, “ಹಾಡ್ರಿ? ಒಂದ ಸಾವಿರ ಕಿಲೋಮೀಟರ್ ಓಡಸ್ರಿ, ತಾನ ಸುಮ್ಮನಾಗತೈತಿ,” ಅಂದಿದ್ದ, ಹಾಡು ಟೈರಿನ ಹಾಗೆ ಸವೆಯುವ ವಸ್ತು ಎಂಬಂತೆ.

ಬೈಲಹೊಂಗಲದ ಆ ಓಣಿಯಲ್ಲಿ ನಾಲ್ಕೇ ದಿನದಲ್ಲಿ ಎಲ್ಲರಿಗೂ ಹಾಡು ಬಾಯಿಪಾಠವಾಯಿತು. ಎದುರು ಮನೆಯ ನಾಗರತ್ನಾ ರಂಗೋಲಿ ಬಿಡುತ್ತ, “ಏನ್ರಿ ಅಣ್ಣಾರ, ಕಾರ್ ತಗೊಂಡ ಮರುದಿನಾನ ಇಲೆಕ್ಷನ್‌ಗೆ ನಿಂತ್ರೇನ?” ಎಂದು ಕೇಳಿದಳು. ಕಿವಿ ಸ್ವಲ್ಪ ಮಂದವಾಗಿದ್ದ ಬಾಳಕೃಷ್ಣನ ತಾಯಿ ಲೀಲಾಬಾಯಿಯ ಚಿಂತೆಯೇ ಬೇರೆ. “ಬಾಳೂ, ಯಾರೋ ಅವಾ ಕಲ್ಮೇಶ? ದಿನಾ ಮುಂಜಾನೆ ಬಂದಾನ ಬಂದಾನ ಅಂತಾರ. ಒಂದಿನಾನೂ ಒಳಗ ಬಂದು ಚಹಾ ಕುಡದು ಹೋಗ್ಲಿಲ್ಲಲಾ, ಪಾಪ.”

ಬಾಳಕೃಷ್ಣನಿಗೆ ಇದೆಲ್ಲ ಅಷ್ಟು ದೊಡ್ಡದಾಗಿ ಕಾಣಿಸಲಿಲ್ಲ. ಸಹಕಾರ ಇಲಾಖೆಯಲ್ಲಿ ಹನ್ನೊಂದು ವರ್ಷದಿಂದ ನಿರೀಕ್ಷಕನಾಗಿದ್ದ ಅವನ ಮನಸ್ಸೆಲ್ಲ ಸೋಮವಾರದ ಮೇಲಿತ್ತು. ಸೋಮವಾರ ಬೆಳಗಾವಿಯಲ್ಲಿ ಬಡ್ತಿ ಸಮಿತಿ ಕೂಡಲಿತ್ತು. ಪಟ್ಟಿಯಲ್ಲಿ ಅವನ ಹೆಸರಿತ್ತು. ಅವನ ಸೇವಾ ಪುಸ್ತಕದಲ್ಲಿ ಯಾರ ಹೊಗಳಿಕೆಯೂ ಇರಲಿಲ್ಲ, ಯಾರ ತಕರಾರೂ ಇರಲಿಲ್ಲ. ತೊಳೆದು ಬೋರಲು ಹಾಕಿದ ಹಾಲಿನ ಕ್ಯಾನಿನ ಹಾಗೆ ಅದು ಖಾಲಿಯಾಗಿ, ಸ್ವಚ್ಛವಾಗಿತ್ತು. “ಒಂದೇ ಒಂದು ತಕರಾರು ಅರ್ಜಿ ಬರಲಾರದ್ಹಾಂಗ ಸೋಮವಾರತನಾ ಇದ್ದುಬಿಡು,” ಎಂದು ಮೇಲಧಿಕಾರಿ ಹೇಳಿಯೂ ಇದ್ದರು.

ಶನಿವಾರ ಸಂಜೆ ಅದೇ ಮೇಲಧಿಕಾರಿಯ ಆದೇಶ ಬಂತು. ಕಿತ್ತೂರಿನಾಚೆ, ದೇಗಾಂವ ದಾಟಿ ಒಳಗಿರುವ ಬಾಳವ್ವನಕೊಪ್ಪದ ಹಾಲು ಉತ್ಪಾದಕರ ಸಂಘಕ್ಕೆ ರವಿವಾರ ಚುನಾವಣೆ. ನೇಮಕವಾಗಿದ್ದ ಅಧಿಕಾರಿಗೆ ಜ್ವರ. ಬಾಳಕೃಷ್ಣನೇ ಚುನಾವಣಾಧಿಕಾರಿಯಾಗಿ ಹೋಗಬೇಕು.

ರವಿವಾರ ಬೆಳಿಗ್ಗೆ ಆರಕ್ಕೆ ಕಚೇರಿಯ ಗುಮಾಸ್ತ ವಿಜಯ ಮತಪೆಟ್ಟಿಗೆ ಹೊತ್ತು ಮನೆಗೆ ಬಂದ. ಕಚೇರಿಯ ಜೀಪು ರಾಮದುರ್ಗದ ಇನ್ನೊಂದು ಚುನಾವಣೆಗೆ ಹೋಗಿತ್ತು. ವಿಜಯ ಮುಂದಿನ ಸೀಟಿನಲ್ಲಿ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಗದ ಬಿಚ್ಚಿದ.

“ಸರ, ಹನ್ನೆರಡ ಸೀಟಿನಾಗ ಹನ್ನೊಂದು ಅವಿರೋಧ ಆಗ್ಯಾವ್ರಿ. ಉಳಿದ ಒಂದ ಸೀಟಿಗೆ ಇಬ್ಬರು.”

“ಯಾರ್ಯಾರು?” ಬಾಳಕೃಷ್ಣ ಚಾವಿ ಹಾಕಿದ.

“ಒಂದು, ಬಸಲಿಂಗಪ್ಪ. ಗುರ್ತು ಚಹಾದ ಕಪ್ಪು-ಬಸಿ. ಎರಡು...” ಎನ್ನುವಷ್ಟರಲ್ಲಿ ಚಾವಿ ತಿರುಗಿತು. ಎರಡನೆಯವನ ಹೆಸರನ್ನೂ ಗುರುತನ್ನೂ ಕಾರೇ ಓದಿ ಹೇಳಿತು.

ಕುದುರೆ ನಿಂತ ಮೇಲೆ ಬಾಳಕೃಷ್ಣ ಪರದೆ ಒತ್ತಿ ಹಾಡು ನಿಲ್ಲಿಸಿದ.

“ಅವನ ಏನು?” ಬಾಳಕೃಷ್ಣ ಕೇಳಿದ.

“ಅವನರಿ. ಮೂರ ವರ್ಷದ ಹಿಂದ ಗ್ರಾಮ ಪಂಚಾಯ್ತಿಗೆ ನಿಂತಿದ್ದ. ಆವಾಗಿಂದ ಬ್ಯಾಟ್ರಿ ಕಲ್ಮೇಶ ಅಂತಾರ ಅವಗ. ಈ ಸಲಾನೂ ಚೀಟಿಯೊಳಗ ಅವಗ ಅದ ಗುರ್ತು ಬಂದೈತಿ.”

“ವಿಜಯ, ಮತದಾನದ ದಿನ ಚುನಾವಣಾಧಿಕಾರಿ ಒಬ್ಬ ಉಮೇದವಾರನ ಹಾಡು ಹಚ್ಚಿಕೊಂಡು ಊರೊಳಗ ಹೋದರ ಏನಾಗ್ತದ?”

“ಬಡ್ತಿ ಆಗೂದಿಲ್ರಿ,” ಎಂದ ವಿಜಯ.

ಮುಂದಿನ ಒಂದು ಗಂಟೆ ಓಣಿಯವರೆಲ್ಲ ಸೇರಿ ಆ ಹಾಡಿನ ಮೇಲೆ ಕೈಮಾಡಿದರು. ಸದ್ದನ್ನು ಸೊನ್ನೆಗೆ ಇಳಿಸಿ ಆರಿಸಿ ಮತ್ತೆ ಹಚ್ಚಿದರು. ಅದು ಹಿಂದಿನದನ್ನೆಲ್ಲ ಮರೆತು ಮೊದಲಿನ ಗಂಟಲಿನಲ್ಲೇ ಹಾಡಿತು. ವಿಜಯ, “ಸೆಟ್ಟಿಂಗದಾಗ ಇರತೈತ್ರಿ,” ಎಂದು ಪರದೆಯನ್ನು ಒತ್ತುತ್ತ ಹೋದ. ಅಕ್ಷರವೆಲ್ಲ ಚೀನೀ ಭಾಷೆಗೆ ತಿರುಗಿತು, ಹಾಡು ಮಾತ್ರ ಕನ್ನಡದಲ್ಲೇ ಉಳಿಯಿತು. ನಾಗರತ್ನಾಳ ಗಂಡ ಬಂದು, ಫ್ಯೂಜು ಕಿತ್ತರೆ ಮುಗಿಯಿತು ಎಂದು ಒಂದೊಂದೇ ಕಿತ್ತ. ಹಾರ್ನ್ ಸತ್ತಿತು. ಕಿಟಕಿಯ ಗಾಜು ಅರ್ಧಕ್ಕೆ ನಿಂತಿತು. ಕಿತ್ತ ಫ್ಯೂಜೊಂದು ಸೀಟಿನ ಕೆಳಗೆಲ್ಲೋ ಉರುಳಿ ಹೋಯಿತು. ಕಲ್ಮೇಶಣ್ಣ ಬಂದ. ಕಹಳೆಯ ಬಾಯಿಗೆ ಟವೆಲು ತುರುಕಿದರು. ಕಲ್ಮೇಶಣ್ಣ ನೆಗಡಿಯಾದವನ ಹಾಗೆ ಬಂದ, ಆದರೆ ಬಂದ. ಜೊತೆಗೆ ಟವೆಲು ಸುಡುವ ವಾಸನೆಯೂ ಬಂತು.

ಎಲೆಕ್ಟ್ರಿಶಿಯನ್ ಫೋನಿನಲ್ಲಿ ಸಿಕ್ಕ. ಯಾವುದೋ ಮದುವೆಗೆಂದು ಪರವೂರಿನಲ್ಲಿದ್ದ. “ಪೆನ್‌ಡ್ರೈವ್ ಹಿಂದ ಒಳಗ ಕೂತಿರತೈತ್ರಿ ಅದು. ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಸೋಮಾರ ತರ್ರಿ,” ಎಂದ. ಸೋಮವಾರ! ಬಾಳಕೃಷ್ಣ ಫೋನು ಇಟ್ಟುಬಿಟ್ಟ.

ಉಪಾಯ ಹೇಳಿದವಳು ಹೆಂಡತಿ ಶರ್ವರಿ. ಅವಳು ಅಡಿಗೆಮನೆಯ ಕಿಟಕಿಯಿಂದಲೇ, ಡಬ್ಬಿಗೆ ಚಪಾತಿ ತುಂಬುತ್ತ ಹೇಳಿದಳು: “ಚಾಲೂ ಮಾಡಿದಾಗಷ್ಟ ಹಾಡ್ತದಲ್ಲ? ಒಮ್ಮೆ ಚಾಲೂ ಮಾಡ್ರಿ, ಸಂಜೀತನಾ ಬಂದ್ ಮಾಡಬ್ಯಾಡ್ರಿ. ಹುಡುಗೂರು ಮಲಗಿದ ಮ್ಯಾಲೆ ತೊಟ್ಟಿಲಾ ತೂಗೋದು ನಿಲ್ಲಸ್ತಾರೇನು? ನಿಲ್ಲಿಸಿದ್ರ ಏಳ್ತಾವ.”

ಇಷ್ಟು ಸರಳವಾದದ್ದು ಇಷ್ಟು ಗಂಡಸರಿಗೆ ಯಾಕೆ ಹೊಳೆಯಲಿಲ್ಲವೆಂದು ಯಾರೂ ಕೇಳಲಿಲ್ಲ. ಬಾಳಕೃಷ್ಣ ಕೊನೆಯ ಬಾರಿಗೆಂದು ಚಾವಿ ತಿರುವಿದ, ಹಾಡು ಕೇಳಿದ, ಕುದುರೆ ನಿಂತ ಮೇಲೆ ಪರದೆ ಒತ್ತಿ ಹಾಡು ನಿಲ್ಲಿಸಿ ಹೊರಟ. ಕಿತ್ತೂರಿನ ತನಕ ಇಂಜಿನ್ ಒಂದೇ ಶ್ರುತಿಯಲ್ಲಿ ಓಡಿತು. ದೇಗಾಂವ ದಾಟಿತು. ಬಾಳವ್ವನಕೊಪ್ಪದ ಅಗಸಿ, ಊರ ಹೆಬ್ಬಾಗಿಲು, ಕಂಡಿತು. ಅಗಸಿಯ ಮುಂದೆ ಪಂಚಾಯ್ತಿಯವರು ರಸ್ತೆಗೆ ಅಡ್ಡ ಒಂದು ಉಬ್ಬು ಹಾಕಿಸಿದ್ದರು. ಒಂದು ಸಣ್ಣ ಗುಡ್ಡದಷ್ಟಿತ್ತು. ನಾಲ್ಕು ದಿನದ ಕಾರು, ಹೊಸ ಕಾಲು; ಕ್ಲಚ್ ಬೇಗ ಬಿಟ್ಟುಬಿಟ್ಟ. ಕಾರು ಉಬ್ಬಿನ ನೆತ್ತಿಯ ಮೇಲೆ ಒಮ್ಮೆ ಬಿಕ್ಕಿ, ನಿಂತಿತು.

ಎದುರಿನ ಕಟ್ಟೆಯ ಮೇಲೆ ಅರ್ಧ ಊರೇ ಕೂತಿತ್ತು.

“ಸರ, ಬ್ಯಾಡ್ರಿ,” ಎಂದ ವಿಜಯ. ಆದರೆ ಹಿಂದೆ ಮೇವು ಹೇರಿದ ಟ್ರ್ಯಾಕ್ಟರಿನವನು ಹಾರ್ನ್ ಬಾರಿಸುತ್ತಿದ್ದ. ಬಾಳಕೃಷ್ಣ ಕಣ್ಣು ಮುಚ್ಚಿ ಚಾವಿ ತಿರುವಿದ.

ಬ್ಯಾಟ್ರಿ ಹಿಡದು ಬಂದಾನ ನೋಡ!

ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತರು. ಗುಂಪಿನಿಂದ ತೆಳ್ಳಗಿನ ಒಬ್ಬ ಮನುಷ್ಯ ಕೈಯೆರಡೂ ಮೇಲೆತ್ತಿಕೊಂಡು ಓಡಿಬಂದ. ಮುಖ ಸುಣ್ಣದ ಗೋಡೆಯಾಗಿತ್ತು.

“ಬಂದ್ ಮಾಡ್ರಿ! ನಿಮ್ಮ ಕಾಲ ಬೀಳತೇನಿ, ಬಂದ್ ಮಾಡ್ರಿ ಸಾಹೇಬ್ರ! ಈ ಗಾಡಿ ಮತ್ತ್ಯಾಕ ಬಂತು ಊರಿಗೆ? ಮಾರಿ ಬಿಟ್ಟಿದ್ಯಾ ನಾ!”

ಅವನೇ ಕಲ್ಮೇಶನೆಂದು ತಿಳಿದಾಗ ಬಾಳಕೃಷ್ಣನಿಗೆ ಮನಸ್ಸು ತುಂಬಿ ಬಂತು. ತನ್ನದೇ ಹಾಡು, ತನ್ನದೇ ಗುರುತು. ಆದರೂ ನಿಯಮಕ್ಕೆ ಇಷ್ಟು ಹೆದರುವ ಉಮೇದವಾರನನ್ನು ಅವನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ.

ಇನ್ನೊಬ್ಬನಿಗೆ ಯಾವ ಅವಸರವೂ ಇರಲಿಲ್ಲ. ದೊಡ್ಡ ಮೈಯ ಬಸಲಿಂಗಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಬಂದು, ಬಾಳಕೃಷ್ಣನ ವಿವರಣೆಯನ್ನೆಲ್ಲ, ಕುದುರೆಯಿಂದ ಹಿಡಿದು ಫ್ಯೂಜಿನ ತನಕ, ತಲೆದೂಗುತ್ತ ಕೇಳಿದ. ಆಮೇಲೆ ಕಟ್ಟೆಯ ಮೇಲೆ ಕೂತು ಒಂದು ಹಾಳೆಯ ಮೇಲೆ ನಿಧಾನವಾಗಿ ಏನೋ ಬರೆದ.

“ಸಾಹೇಬ್ರ, ಇದು ನಿಮ್ಮ ಮ್ಯಾಲ ತಕರಾರ ಅರ್ಜಿ. ಈಗ ಕೊಡೂದಿಲ್ಲ. ನನ್ನ ಕಿಸೇದಾಗ ಇರತೈತಿ. ಸಂಜಿಕ ನಾ ಸೋತ್ರ ಕೊಡತೇನಿ, ಗೆದ್ರ ಹರದ ಒಗಿತೇನಿ. ನೀವು ಸುಮ್ಮನ ನಿಮ್ಮ ಕೆಲಸಾ ಮಾಡ್ರಿ. ಚಿಂತಿ ಬ್ಯಾಡ.”

ಹೀಗೆ ಬೆಳಗಾವಿ ಜಿಲ್ಲೆಯಲ್ಲೇ ಅತಿ ನಿಷ್ಪಕ್ಷಪಾತಿಯೆಂದು ತನ್ನನ್ನು ತಾನು ತಿಳಿದಿದ್ದ ಅಧಿಕಾರಿ, ಒಂಬತ್ತು ಗಂಟೆಗೆ ಮತದಾನ ಶುರುವಾದಾಗ ಮನಸ್ಸಿನೊಳಗೇ ಕಪ್ಪು-ಬಸಿಗೆ ಹರಕೆ ಹೊತ್ತಿದ್ದ.

ಕಾರನ್ನು ಸಂಘದ ಕಟ್ಟಡದ ಮುಂದೆ, ಇಂಜಿನ್ ಆರಿಸದೆ ನಿಲ್ಲಿಸಿದ್ದರು. ಹತ್ತೂವರೆಗೆ ಹೊರಗೆ ಇಂಜಿನ್ನಿನ ಸದ್ದು ನಿಂತಿತು. ಬಾಳಕೃಷ್ಣ ಮತಪತ್ರ ಬಿಟ್ಟು ಹೊರಗೋಡಿದ. ಬಸಲಿಂಗಪ್ಪ ಎರಡೂ ಕೈಯಲ್ಲಿ ಪ್ರಸಾದ ಕೊಡುವಂತೆ ಚಾವಿ ಕೊಟ್ಟ.

“ಎಣ್ಣಿ ಸುಮ್ಮನ ಸುಡಾಕ ಹತ್ತಿತ್ರಿ. ನಿಮ್ಮ ನುಕ್ಸಾನ ಯಾಕ ಅಂತ ನಾನ ಬಂದ್ ಮಾಡಿದ್ಯಾ.”

“ಅಯ್ಯೋ, ಯಾಕ್ರಿ ಮಾಡಿದ್ರಿ!”

“ಆತಲ್ಲ, ಬಿಡ್ರಿ. ಈಗ ಹಾಲಿನ ವ್ಯಾನ ಬರತೈತಿ. ಗಾಡಿ ಒಂಚೂರ ಈ ಕಡೆ ಸರಸ್ರಿ.”

ಕಾರು ಸರಿಯಿತು. ಕಲ್ಮೇಶಣ್ಣ ಬಂದ. ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಯಾರೂ ಮುಟ್ಟಬಾರದೆಂದು ಬಾಳಕೃಷ್ಣ ತಾನೇ ಇಂಜಿನ್ ಆರಿಸಿ ಚಾವಿಯನ್ನು ಕಿಸೆಗೆ ಹಾಕಿಕೊಂಡ. ಬಸಲಿಂಗಪ್ಪ ಕೈಗಡಿಯಾರ ನೋಡಿ ಸಮಾಧಾನದಿಂದ ಮೀಸೆ ಸವರಿಕೊಂಡ.

“ಎಷ್ಟು ಸಲ ಆತು ಅಂತ ಟೈಮ್ ಸಮೇತ ಬರಕೊಳ್ಳಾಕ ಹತ್ತ್ಯಾನ್ರಿ ಅಂವಾ,” ಎಂದ ವಿಜಯ ಕಿವಿಯಲ್ಲಿ.

ಹನ್ನೆರಡಕ್ಕೆ ಬಸಲಿಂಗಪ್ಪ ಮತ್ತೆ ಬಂದ. ಬಿಸಿಲಿಗೆ ಸಾಹೇಬರ ಕಾರು ಕಾದು ಸುಡುತ್ತಿದೆ, ಬೇವಿನ ಗಿಡದ ನೆರಳಿಗೆ ಹಚ್ಚಬೇಕು ಎಂದ. ಬೇಡವೆಂದರೆ ಕಿಸೆ ಮುಟ್ಟಿಕೊಂಡ. ಬಾಳಕೃಷ್ಣ ಈ ಸಲ ಮೋಸಹೋಗಲಿಲ್ಲ. ವಿಜಯನನ್ನೂ ಬಂದೋಬಸ್ತಿಗಿದ್ದ ಹೋಮ್‌ಗಾರ್ಡನ್ನೂ ಕರೆದು ಕಾರನ್ನು ನೂಕಿಯೇ ಒಯ್ಯುವುದೆಂದ. ಮೂವರೂ ಬೆವರು ಸುರಿಸಿ ಎರಡು ಮಾರು ನೂಕಿದರು. ಸ್ಟೇರಿಂಗ್ ತಿರುಗಲಿಲ್ಲ. ಅದರ ಬಿಗಿ ಬಿಡಿಸಲು ಚಾವಿಯನ್ನು ಒಂದು ಹಲ್ಲು ತಿರುವಬೇಕಂತೆ. ತಿರುವಿದ. ಇಂಜಿನ್ ಆಗಲಿಲ್ಲ, ಕುದುರೆ ಮಾತ್ರ ಓಡಿತು. ಮುಂದೆ ಹಾಡು, ಹಿಂದೆ ನೂಕುವ ಸರಕಾರಿ ನೌಕರರು: ಮೆರವಣಿಗೆಗೆ ಕಡಿಮೆ ಬಿದ್ದದ್ದು ಗುಲಾಲು ಒಂದೇ.

ಕಲ್ಮೇಶ ಎರಡು ಸಲ ಬಂದು ಕೈಮುಗಿದ. “ಸಾಹೇಬ್ರ, ಗಾಡಿ ಊರ ಹೊರಗ ಇಟ್ಟ ಬರ್ರಿ.”

“ಊರ ಹೊರಗ ಒಯ್ಯಬೇಕಾದ್ರ ಚಾಲೂ ಮಾಡಬೇಕಲ್ಲೋ ಮಾರಾಯಾ!”

ಕಲ್ಮೇಶ ತಲೆ ಹಿಡಿದುಕೊಂಡು ಅಲ್ಲೇ ಕೂತ. ಇಂಥ ಪ್ರಾಮಾಣಿಕನಿಗೆ ವಿರುದ್ಧವಾಗಿ ಹರಕೆ ಹೊತ್ತದ್ದಕ್ಕೆ ಬಾಳಕೃಷ್ಣನಿಗೆ ನಾಚಿಕೆಯಾಯಿತು. ಆದರೆ ಹರಕೆ ವಾಪಸು ತೆಗೆದುಕೊಳ್ಳಲಿಲ್ಲ.

ಸಮತೋಲ ಮಾಡುವ ದಾರಿಯನ್ನು ವಿಜಯ ಹೇಳಿಕೊಟ್ಟ. “ಬ್ಯಾಟ್ರಿ ಹಾಡು ಇಷ್ಟ ಸಲ ಆತು. ನೀವು ಮಂದಿ ಮುಂದ ಕಪ್ಪು-ಬಸಿಯೊಳಗ ಚಹಾ ಕುಡದ ಬಿಡ್ರಿ. ಎರಡೂ ಕಡೆ ಸಮಾ ಆಗತೈತಿ.” ಬೆಳಗಿನಿಂದ ಬಾಳಕೃಷ್ಣ ಮನೆಯಿಂದ ತಂದ ಸ್ಟೀಲಿನ ತಂಬಿಗೆಯಲ್ಲೇ ಚಹಾ ಕುಡಿದಿದ್ದ, ಗುರುತಿನ ಭಯಕ್ಕೆ. ಈಗ ಕಟ್ಟಡದ ಮೆಟ್ಟಿಲ ಮೇಲೆ, ಮತದಾರರ ಸಾಲಿಗೆ ಕಾಣುವಂತೆ ಕೂತು, ಬಸಿಗೆ ಸುರಿದು ಸೊರ್ರನೆ ಕುಡಿದ. ಮೂರು ಕಪ್ಪು. ಬಸಲಿಂಗಪ್ಪ ದೂರದಿಂದ ಕೈ ಎತ್ತಿ ನಮಸ್ಕಾರ ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಮೇವಿನ ಗಾಡಿಗೆ ದಾರಿ ಬೇಕಾಯಿತು, ಆಮೇಲೆ ಟ್ಯಾಂಕರಿಗೆ, ಆಮೇಲೆ ಬಸಲಿಂಗಪ್ಪನ ಸೋದರಳಿಯನ ಬುಲೆಟ್ ಗಾಡಿಗೆ, ಪಕ್ಕದಲ್ಲಿ ಲಾರಿ ಹೋಗುವಷ್ಟು ಜಾಗವಿದ್ದರೂ. ಇನ್ನೂ ಮೂರು ಸಲ ಇಂಥವೇ ನೆಪ. ಪ್ರತಿ ಸಲವೂ ಬಸಲಿಂಗಪ್ಪ ಕೇಳುತ್ತಿದ್ದದ್ದು ನಯವಾಗಿ, ಒಂದು ಕೈ ಕಿಸೆಯ ಮೇಲಿಟ್ಟು. ನಾಲ್ಕು ಗಂಟೆಗೆ ಮತದಾನ ಮುಗಿದಾಗ ಕಲ್ಮೇಶಣ್ಣ ಒಟ್ಟು ಒಂಬತ್ತು ಸಲ ಬಂದು ಹೋಗಿದ್ದ.

ಎಣಿಕೆಗೆ ಅರ್ಧ ಗಂಟೆ ಸಾಕಾಯಿತು. ಬ್ಯಾಟರಿಗೆ ಅರವತ್ತೊಂದು. ಕಪ್ಪು-ಬಸಿಗೆ ನೂರಾ ನಲವತ್ತೆಂಟು. ಮೂರು ಅಸಿಂಧು.

ಬಾಳಕೃಷ್ಣ ಫಲಿತಾಂಶ ಓದಿ ಕಾಗದ ಕೆಳಗಿಡುವಷ್ಟರಲ್ಲಿ ಬಸಲಿಂಗಪ್ಪ ಕಿಸೆಯಿಂದ ಅರ್ಜಿ ತೆಗೆದ. ಎಲ್ಲರ ಮುಂದೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದ. ಬಾಳಕೃಷ್ಣ ಪೆನ್ನಿಗೆ ಮುಚ್ಚಳ ಹಾಕಿ ಕಿಸೆಗಿಟ್ಟ. ನಾಳೆ ಸೋಮವಾರ. ಸೇವಾ ಪುಸ್ತಕ ಸ್ವಚ್ಛವಾಗಿತ್ತು. ಇಸ್ತ್ರಿ ಮಾಡಿದ ಬಿಳೀ ಅಂಗಿ ಮನೆಯಲ್ಲಿ ಇದೆಯೋ ಇಲ್ಲವೋ ಎಂದು ಶರ್ವರಿಗೆ ಫೋನು ಹಚ್ಚಬೇಕು ಅಂದುಕೊಂಡ.

ಆಗ ಮೇಜಿನ ಮುಂದೆ ಕಲ್ಮೇಶ ಬಂದು ನಿಂತ. ಕೈಯಲ್ಲಿ ನಾಲ್ಕು ಹಾಳೆ, ಎರಡೂ ಬದಿ ಬರೆದದ್ದು.

“ತಗೋರಿ ಸಾಹೇಬ್ರ. ತಕರಾರ ಅರ್ಜಿ.”

“ಯಾರ ಮ್ಯಾಲಪ್ಪಾ?”

“ನಿಮ್ಮ ಮ್ಯಾಲ. ಬಸಲಿಂಗಪ್ಪನ ಕಡೆಯಿಂದ ನನ್ನ ವಿರುದ್ಧ ಪ್ರಚಾರ ಮಾಡಿದ್ದಕ್ಕ.”

“ಹುಚ್ಚಾ! ದಿನಾಪೂರ್ತಿ ಹಾಡಿದ್ದು ನಿನ್ನ ಹಾಡಲ್ಲೇನೋ?”

“ಅದಕ್ಕನರಿ!” ಕಲ್ಮೇಶನ ದನಿ ಒಡೆಯಿತು. “ಹೋದ ಇಲೆಕ್ಷನ್‌ದಾಗ ನಲವತ್ತ ದಿನಾ, ಮುಂಜಾನಿ ನಾಕಕ್ಕ, ಹಿಂಡೂ ಹೊತ್ತಿಗೆ ಈ ಹಾಡ ಹಚ್ಚಿಕೊಂಡ ಓಣಿ ಓಣಿ ತಿರಗಿಸಿದ್ಯಾ. ಎಮ್ಮಿ ಬೆದರಿ ಹಾಲ ಇಳಸೂದ ಬಿಟ್ಟುವು. ಇಡೀ ಊರಿನ ಎಮ್ಮಿ! ಠೇವಣಿ ಹೋತು, ಮಂದಿ ಮಾತ ಬಿಟ್ರು, ಗಾಡಿ ಮಾರಿದ್ಯಾ. ಮೂರ ವರ್ಷ ಮನಿ ಮನಿಗೆ ಹೋಗಿ ತಪ್ಪಾತು ತಪ್ಪಾತು ಅಂದೇನಿ. ಈಗೀಗ ಮರಿಯಾಕ ಹತ್ತಿದ್ರು. ಈ ಸಲ ಒಂದ ಪೀಪಿ ಸೈತ ಊದಿಸಲಿಲ್ಲ ನಾ. ನಿನ್ನಿತನಾ ಇಡೀ ಊರ ನನ್ನ ಕಡೆ ಇತ್ತು. ಮತದಾನದ ದಿನಾನ ತಂದ ನೆನಪ ಮಾಡಿದ್ರಲ್ರಿ, ಒಂಬತ್ತ ಸಲ!”

ಬಾಗಿಲಲ್ಲಿ ನಿಂತಿದ್ದ ಮುದುಕಿ ಮುದಕವ್ವ ತಲೆಯಾಡಿಸಿದಳು. “ಖರೇ ಐತೋ ಯಪ್ಪಾ. ಇವಗ ಹಾಕಬೇಕಂತ ನಾ ಬಂದಿದ್ಯಾ. ಸಾಲಿನ್ಯಾಗ ನಿಂತಾಗ ಹಾಡ ಕೇಳಿ ನನ್ನ ಎಮ್ಮಿ ಗೌರಿ ನೆನಪಾತು. ನಲವತ್ತ ದಿನಾ ಒಂದ ಚರಗಿ ಹಾಲ ಕೊಡಲಿಲ್ಲ ಮೂಕ ಜೀವ. ಕೈ ತಾನ ಕಪ್ಪು-ಬಸಿಗೆ ಹೋತು.”

ಬಾಳಕೃಷ್ಣ ನಿಧಾನವಾಗಿ ಬಸಲಿಂಗಪ್ಪನತ್ತ ನೋಡಿದ. ಬಸಲಿಂಗಪ್ಪ ಆ ಹೊತ್ತಿಗೆ ಹೂವಿನ ಹಾರ ಹಿಡಿದು ಹತ್ತಿರ ಬಂದಾಗಿತ್ತು. ಬೇಡ ಬೇಡವೆಂದರೂ ಹಾರವನ್ನು ಅಧಿಕಾರಿಯ ಕೊರಳಿಗೆ ಹಾಕಿ, ಮಂದಿಯ ಕಡೆ ತಿರುಗಿ ದೊಡ್ಡ ದನಿ ತೆಗೆದ.

“ನಾ ಗೆದ್ದದ್ದಲ್ಲ ಇದು! ಈ ಸಾಹೇಬ್ರು ಗೆಲ್ಲಿಸಿದ್ದು! ಬಿಸಲಾಗ ಗಾಡಿ ನೂಕಿ, ನನ್ನ ಗುರ್ತಿನ ಬಸಿಯೊಳಗ ಮಂದಿ ಮುಂದ ಚಹಾ ಕುಡದು, ನನ್ನ ಸಲುವಾಗಿ ಇಷ್ಟ ದುಡದ ಅಧಿಕಾರಿನ್ನ ನಾ ಜನ್ಮದಾಗ ನೋಡಿಲ್ಲ. ಹೊಡೀರಿ ಚಪ್ಪಾಳಿ!”

ಚಪ್ಪಾಳೆ ಬಿತ್ತು. ಕಲ್ಮೇಶ ಮೊಬೈಲು ಎತ್ತಿ ಹಿಡಿದು ಹಾರ, ಭಾಷಣ, ಚಪ್ಪಾಳೆ ಎಲ್ಲವನ್ನೂ ತಾಳ್ಮೆಯಿಂದ ಚಿತ್ರೀಕರಿಸಿಕೊಂಡ. ಆಮೇಲೆ ಅರ್ಜಿಯ ಕೊನೆಯ ಹಾಳೆಯಲ್ಲಿ “ಪುರಾವೆ: ವಿಡಿಯೋ ಒಂದು” ಎಂದು ಸೇರಿಸಿ, ಮೇಜಿನ ಮೇಲೆ ಸರಿಸಿದ.

“ತಕರಾರ ಯಾರ ತಗೋಬೇಕ್ರಿ, ನಿಯಮದ ಪ್ರಕಾರ?”

ವಿಜಯ ಕೈಪಿಡಿ ತೆರೆದು ಪುಟ ತಿರುವಿದ. ಬೇಕಾಗಿರಲಿಲ್ಲ, ಬಾಳಕೃಷ್ಣನಿಗೆ ಅದು ಹನ್ನೊಂದು ವರ್ಷದಿಂದ ಬಾಯಿಪಾಠ. ಫಲಿತಾಂಶದ ಮೇಲಿನ ತಕರಾರುಗಳನ್ನು ಸ್ಥಳದಲ್ಲೇ ಚುನಾವಣಾಧಿಕಾರಿಯೇ ಸ್ವೀಕರಿಸತಕ್ಕದ್ದು, ಅದೇ ದಿನ ಬೆಳಗಾವಿಯ ಮೇಲಿನ ಕಚೇರಿಗೆ ತಲುಪಿಸತಕ್ಕದ್ದು.

ಅವನು ಹಾರವನ್ನು ಒಂದು ಬದಿಗೆ ಸರಿಸಿ, ಪೆನ್ನು ತೆಗೆದು, ತನ್ನ ಮೇಲಿನ ಅರ್ಜಿಯ ಮೂಲೆಯಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಬರೆದ. ತಾರೀಖು ಹಾಕಿದ. ಐದು ಗಂಟೆ ಹತ್ತು ನಿಮಿಷ ಎಂದು ವೇಳೆ ಹಾಕಿದ. ಸಹಿ ಮಾಡಿ ಶಿಕ್ಕಾ ಎತ್ತಿದ.

“ಸ್ವಲ್ಪ ಒತ್ತಿ ಹೊಡೀರಿ ಸಾಹೇಬ್ರ,” ಎಂದ ಕಲ್ಮೇಶ, ಬಗ್ಗಿ ನೋಡುತ್ತ. “ನಾಳೆ ಬೆಳಗಾಂವದಾಗ ಓದಾಕ ಬರಬೇಕಲ್ಲ.”